ಹಿಮದ ಘಟ್ಟದಲ್ಲಿ ಕರೆಂಟ್ ಗಾಡಿ

ಆಸ್ಲೊ: ತೆರೆಯದ ಬಾಗಿಲು

ನಾರ್ವೆಯಲ್ಲಿ ನನ್ನ ಮೊದಲ ಬೆಳಗಿನ ಕೆಲಸ ಒಂದು ಕಾರಿನ ಬಾಗಿಲನ್ನು ಗುದ್ದುವುದಾಗಿತ್ತು. ಹಿಡಿಕೆ ಬಾಗಿಲಿನೊಳಗೇ ಅಡಗಿ ಕೂತಿರುವ ಹೊಸ ನಮೂನೆಯ ದೊಡ್ಡ ಗಾಡಿ. ಒಡತಿ ಹತ್ತಿರ ಬಂದರೆ ಹಿಡಿಕೆ ತಾನಾಗಿ ಹೊರಗೆ ಚಾಚಿಕೊಳ್ಳಬೇಕು. ಹಿಂದಿನ ಸಂಜೆಯಿಂದ ಬಿದ್ದ ಹಿಮ ಸಂದಿಗಿಳಿದು ಕಲ್ಲಾಗಿತ್ತು. ಹಿಡಿಕೆ ಹೊರಗೆ ಬರಲಿಲ್ಲ. ಒಡತಿ ಡೋಲ್ಮಾ ಕೈಗವಸು ತೊಟ್ಟ ಮುಷ್ಟಿಯಿಂದ ಬಾಗಿಲಿನ ಅಂಚಿಗೆ ಗುದ್ದುತ್ತ, “ನೀನೂ ಗುದ್ದಕ್ಕಾ, ಆದ್ರ ಮೆತ್ತಗ. ಇದು ನಿನ್ನ ಕ್ಲಾಸಿನ ಗಾಡಿ ಅಲ್ಲ” ಎಂದಳು.

ನನ್ನ ಕ್ಲಾಸಿನ ಗಾಡಿಯ ವಿಷಯ ಹೇಳಿಬಿಡುತ್ತೇನೆ. ದಾಂಡೇಲಿಯಲ್ಲಿ ನಾನು ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ನಾನು ಊರು ಬಿಟ್ಟು ಹೋದವಳಲ್ಲ. ಎಡಗಡೆಯ ಸೀಟಿನಲ್ಲಿ ಕೂತು, ಕಾಲಡಿಗೆ ನನ್ನದೇ ಒಂದು ಹೆಚ್ಚುವರಿ ಬ್ರೇಕ್ ಇಟ್ಟುಕೊಂಡು, ಹಳಿಯಾಳ ರಸ್ತೆಯಿಂದ ಗಣೇಶಗುಡಿಯ ತಿರುವುಗಳವರೆಗೆ ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದ್ದೇನೆ. ಮಳೆಗಾಲದಲ್ಲಿ ಅಣಶಿ ಘಟ್ಟದ ಕೆಂಪು ರಾಡಿಯಲ್ಲಿ ಗಾಡಿ ಇಳಿಸಿದವಳಿಗೆ ಲೋಕದ ಯಾವ ರಸ್ತೆಯೂ ಹೆದರಿಸಲಾರದು ಎಂದು ನಂಬಿಕೊಂಡೇ ವಿಮಾನ ಹತ್ತಿದ್ದೆ.

ಡೋಲ್ಮಾ ನನ್ನ ಹಳೆಯ ವಿದ್ಯಾರ್ಥಿನಿ. ಅದಕ್ಕೂ ಮೊದಲು, ತಂಗಿಯಂಥವಳು. ಅವಳ ತಾಯಿ ಮುಂಡಗೋಡದ ಟಿಬೆಟನ್ ಕಾಲೊನಿಯವರು. ನಾವೆಲ್ಲ ಅವರನ್ನು ಅಮಾಲಾ ಎನ್ನುತ್ತೇವೆ. ಅವರ ಭಾಷೆಯಲ್ಲಿ ಅಮ್ಮ ಎಂದೇ ಅರ್ಥ. ಮಳೆಗಾಲದಲ್ಲಿ ಗೋವಿನಜೋಳ ಬೆಳೆಯುವುದು, ಚಳಿಗಾಲದಲ್ಲಿ ದಾಂಡೇಲಿಗೆ ಬಂದು ಸ್ವೆಟರ್ ಅಂಗಡಿ ಹಾಕುವುದು, ಇದು ಅಮಾಲಾ ಅವರ ಜೀವನವಾಗಿತ್ತು. ಆ ಚಳಿಗಾಲಗಳಲ್ಲೆಲ್ಲ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಬಿಡಾರ. ಡೋಲ್ಮಾ ನಮ್ಮ ಅಂಗಳದಲ್ಲೇ ಆಡಿ ಬೆಳೆದಳು. ದೊಡ್ಡವಳಾಗಿ ನರ್ಸಿಂಗ್ ಕಲಿತು, ಅಲ್ಲಿ ಇಲ್ಲಿ ದುಡಿದು, ಕೊನೆಗೆ ನಾರ್ವೆಯ ಪಶ್ಚಿಮ ಕರಾವಳಿಯ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸ್ ಆದಳು. ಅಲ್ಲಿಯವನನ್ನೇ ಮದುವೆಯಾದಳು. ಗಂಡನಿಗೆ ಹಡಗಿನ ಕೆಲಸ. ನಾವು ಹೋದಾಗ ಅವನು ಸಮುದ್ರದ ಮೇಲಿದ್ದ.

ಮಗಳು ತಾಯಿಯನ್ನು ಕರೆದು ಕರೆದು ಸೋತಿದ್ದಳು. ಕೊನೆಗೆ ಅಮಾಲಾ ಒಪ್ಪಿದ್ದು ಒಂದೇ ಶರತ್ತಿನ ಮೇಲೆ.

“ಸುನೀ ಬಂದ್ರ ಬರ್ತೇನಿ. ಇಲ್ಲಂದ್ರ ಇಲ್ಲ.”

ಸುನೀ ಎಂದರೆ ನಾನು, ಸುನೀತಾ. ಸ್ಕೂಲನ್ನು ಗಂಡನಿಗೆ ಒಪ್ಪಿಸಿ ಹೊರಟೆ. ಯಾವುದಕ್ಕೂ ಇರಲಿ ಎಂದು ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿಯನ್ನೂ ಮಾಡಿಸಿಕೊಂಡೆ.

ನಮ್ಮನ್ನು ಕರೆದೊಯ್ಯಲು ಡೋಲ್ಮಾ ಗುಡ್ಡ ದಾಟಿ ಆಸ್ಲೊಗೆ ಬಂದು, ಎರಡು ಮೂರು ದಿನಕ್ಕೆ ಒಂದು ಬಾಡಿಗೆ ಮನೆ ಹಿಡಿದಿದ್ದಳು. ಗುದ್ದುಗಳಿಗೆ ಕೊನೆಗೂ ಹಿಡಿಕೆ ಸಡಿಲವಾಯಿತು. ಬಾಗಿಲು ತೆರೆದರೆ ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಸೀಟು ಬಿಸಿ, ಸ್ಟೇರಿಂಗ್ ಬಿಸಿ. ಅಮಾಲಾ ಸೀಟಿನ ಮೇಲೆ ಕೈಯಾಡಿಸಿ, “ಒಳಗ ಒಲಿ ಹಚ್ಚೀಯೇನ?” ಎಂದು ಕೇಳಿದರು.

“ಗ್ವಾಡಿಗೆ ವಯರ್ ಹಚ್ಚಿದ್ನಲ್ಲ, ಆ ಕರೆಂಟ್‌ನ್ಯಾಗ ಕಾದೈತಿ” ಎಂದಳು ಡೋಲ್ಮಾ. “ಹೊರಡೂಕಿಂತ ಮೊದ್ಲು ಮನೀ ಕರೆಂಟ್‌ಲೇ ಕಾಯಿಸಿಬಿಟ್ರ, ದಾರ್‍ಯಾಗ ಬ್ಯಾಟ್ರಿ ಉಳೀತೈತಿ. ಥಂಡಿಯೊಳಗ ಬ್ಯಾಟ್ರೀಗೂ ನಮ್ಮಂಗ ಮೈ ಜಡ್ಡಗಟ್ಟತೈತಿ ಅಕ್ಕಾ. ಬ್ಯಾಸಗ್ಯಾಗ ಹೋಗೂವಷ್ಟು ದೂರ ಹೋಗೂದಿಲ್ಲ. ಮೂರ್‍ರಾಗ ಒಂದ ಪಾಲು ಥಂಡೀನ ತಿಂತೈತಿ.”

ದಾಂಡೇಲಿಯಲ್ಲಿ ಕರೆಂಟ್ ಗಾಡಿ ಎಂದರೆ ಜನ ಇನ್ನೂ ದೂರ ನಿಂತು ನೋಡುತ್ತಾರೆ. ಮಳೆಯಲ್ಲಿ ಶಾಕ್ ಹೊಡೆಯುತ್ತದೆಯೇ ಎಂದು ನನ್ನ ಕ್ಲಾಸಿಗೆ ಬಂದವರು ಕೇಳಿದ್ದುಂಟು. ಇಲ್ಲಿ ನೋಡಿದರೆ ಬೀದಿಯುದ್ದಕ್ಕೂ ಅವೇ, ಸದ್ದಿಲ್ಲದೆ, ಬೆನ್ನ ಮೇಲೆ ಹಿಮದ ಗಾದಿ ಹೊತ್ತುಕೊಂಡು ಹೋಗುತ್ತಿದ್ದವು. ಟೈರಿಗೆ ಚಿಕ್ಕ ಲೋಹದ ಮೊಳೆಗಳು. ಹಿಮವಿಲ್ಲದ ಕಡೆ ಮಾತ್ರ ಅವು ಕಟಕಟ ಎನ್ನುತ್ತಿದ್ದವು.

ಭಾನುವಾರದ ಖಾಲಿ ಅಂಗಳ

ಅಲ್ಲಿ ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ. ನಮ್ಮಲ್ಲಿ ಭಾನುವಾರವೇ ವ್ಯಾಪಾರದ ಸುಗ್ಗಿ. ಅಲ್ಲಿ ದೊಡ್ಡ ಅಂಗಡಿಯ ಮುಂದಿನ ಗಾಡಿ ನಿಲ್ಲಿಸುವ ಅಂಗಳದಲ್ಲಿ ನರಪಿಳ್ಳೆ ಇರಲಿಲ್ಲ. ಬರೀ ಹಿಮ.

“ಹೊಡೀತೀಯೇನಕ್ಕಾ?” ಎಂದಳು ಡೋಲ್ಮಾ.

ಈ ಮಾತಿಗಾಗಿಯೇ ಎರಡು ದಿನದಿಂದ ಕಾಯುತ್ತಿದ್ದೆ. ಆದರೆ ಹತ್ತಿ ಕೂತ ಮೇಲೆ ನನ್ನ ಪಾಂಡಿತ್ಯವೆಲ್ಲ ಅಡಿಮೇಲಾಯಿತು. ಸ್ಟೇರಿಂಗ್ ಎಡಗಡೆ, ಕ್ಲಚ್ಚಿಲ್ಲ, ಗೇರಿಲ್ಲ. ತಿರುಗುವ ಮೊದಲು ಇಂಡಿಕೇಟರ್ ಹಾಕಲು ಹೋದರೆ ಪ್ರತಿ ಸಲವೂ ವೈಪರ್ ಓಡಾಡತೊಡಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅಮಾಲಾ ನಕ್ಕು ನಕ್ಕು ಕೆಮ್ಮಿದರು.

ನಿಂತಲ್ಲಿಂದ ಹೊರಡುವಾಗ ಈ ಗಾಡಿಗಿರುವ ಶಕ್ತಿ ನಮ್ಮ ಗಾಡಿಗಳಿಗಿಲ್ಲ. ಕಾಲಿಟ್ಟ ಕ್ಷಣಕ್ಕೇ ನಾಲ್ಕೂ ಗಾಲಿಗೆ ಬಲ ಬರುತ್ತದೆ. ದಿಬ್ಬದ ಹಿಮದಲ್ಲೂ ಹುಲ್ಲುಗಾವಲಿನಲ್ಲಿ ಹೋದಂತೆ ಸಲೀಸಾಗಿ ಏರಿತು. ನನಗೆ ಖುಷಿಯಾಯಿತು. ಅದನ್ನು ಕಂಡು ಡೋಲ್ಮಾ, “ಈಗ ಬ್ರೇಕ್ ಒತ್ತು” ಎಂದಳು.

ಒತ್ತಿದೆ. ಕಾಲ ಕೆಳಗೆ ಪೆಡಲ್ ಗಡಗಡ ನಡುಗಿತು. ಗಾಡಿ ಮಾತ್ರ ನನ್ನ ಅಪ್ಪಣೆ ಕೇಳಿಸಿಯೇ ಇಲ್ಲ ಎಂಬಂತೆ ಜಾರುತ್ತ ಹೋಗಿ, ನಾನು ನಿಲ್ಲಿಸಬೇಕೆಂದಿದ್ದ ಕಡೆಯಿಂದ ಬಹಳ ಆಚೆ ನಿಂತಿತು.

“ನೋಡಿದ್ಯಾ? ನಾಕೂ ಗಾಲೀಗೆ ಬಲ ಇದ್ರ ಹೊರಡಾಕ ಚಲೋ. ನಿಲ್ಲಾಕ ಅಲ್ಲ. ಬ್ಯಾಟ್ರೀ ಭಾರ ಬ್ಯಾರೆ ಐತಿ ಹೊಟ್ಟ್ಯಾಗ. ನಿಲ್ಲಸೂದು ಟೈರು, ನಿನ್ನ ಬುದ್ಧಿ, ಇವೆರಡ.”

ಇನ್ನೊಂದು ಪಾಠವೂ ಇತ್ತು. ಕಾಲೆತ್ತಿದರೆ ಈ ಗಾಡಿ ಸುಮ್ಮನೆ ಉರುಳುವುದಿಲ್ಲ. ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಧಾನವಾಗುತ್ತದೆ. ಹಾಗೆ ಎಳೆದ ಬಲವನ್ನೇ ಕರೆಂಟ್ ಮಾಡಿ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಬ್ರೇಕ್ ಮುಟ್ಟದೆ ಒಂದೇ ಪೆಡಲಿನಲ್ಲಿ ಓಡಿಸಬಹುದು. ಘಟ್ಟ ಇಳಿಯಲು ಇದಕ್ಕಿಂತ ಸೊಗಸು ಬೇರೆ ಏನಿದೆ ಎನಿಸಿತು ನನಗೆ. ಆದರೆ ಡೋಲ್ಮಾ ಸ್ಟೇರಿಂಗ್ ಪಕ್ಕದ ದೊಡ್ಡ ಪರದೆಯ ಮೇಲೆ ಬೆರಳಾಡಿಸಿ ಆ ಎಳೆತವನ್ನು ಕಡಿಮೆ ಮಾಡಿದಳು. ಜಾರುವ ನೆಲದಲ್ಲಿ ಅದೂ ಒಂದು ಬ್ರೇಕೇ, ಹಿಂಬದಿ ಎತ್ತಲೋ ಹೋಗಿಬಿಡುತ್ತದೆ ಎಂದಳು. ನಾನು ತಲೆಯಾಡಿಸಿದೆ, ಕಲಿಸುವವಳು ಕಲಿಯುವಾಗ ಆಡಿಸುವ ಹಾಗೆ.

ಮರಳಿ ಬಂದು, ಗಾಡಿಯಿಂದಿಳಿದು ಬಿಡಾರಕ್ಕೆ ನಡೆಯುವಾಗ ಒಂದು ಸಂಗತಿ ಗಮನಿಸಿದೆ. ಅಮಾಲಾ ಹಿಮದ ಮೇಲೆ ಕಾಲಿಡುತ್ತಿರಲಿಲ್ಲ. ಕಲ್ಲುಪುಡಿ ಚೆಲ್ಲಿದ ಕಡೆ, ಉಪ್ಪು ಹಾಕಿ ಕರಗಿಸಿದ ಕಡೆ ಹುಡುಕಿ ಹುಡುಕಿ ಹೆಜ್ಜೆಯಿಡುತ್ತಿದ್ದರು. ವಯಸ್ಸಾಯಿತು, ಜಾರುವ ಭಯ ಇರಬೇಕೆಂದುಕೊಂಡೆ.

ಕಣಿವೆ: ಚಾರ್ಜಿಂಗಿನ ಸರದಿ

ಮರುದಿನ ಪಶ್ಚಿಮಕ್ಕೆ ಹೊರಟೆವು. ಮೊದಲು ಉದ್ದನೆಯ ಕಣಿವೆ, ಆಮೇಲೆ ಹಾರ್ಡಂಗರ್ ಎಂಬ ಬೋಳು ಪ್ರಸ್ಥಭೂಮಿ, ಅದನ್ನು ದಾಟಿ ಇಳಿದರೆ ಡೋಲ್ಮಾಳ ಊರು.

ಕಣಿವೆಯ ಕೊನೆಯ ಪೇಟೆಯಲ್ಲಿ ಚಾರ್ಜಿಗೆ ನಿಂತೆವು. ಸಾಲು ಇತ್ತು. ಹಾರ್ನ್ ಇಲ್ಲ, ನುಗ್ಗಾಟ ಇಲ್ಲ. ಯಾರ ಸರದಿ ಎಂದು ಬಾಯಿ ಬಿಟ್ಟು ಕೇಳುವವರೂ ಇಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಗಾಡಿಯೊಳಗೆ ಕೂತು ಕಾಗದದಲ್ಲಿ ಸುತ್ತಿ ತಂದ ಬ್ರೆಡ್ಡು ತಿನ್ನುತ್ತಿದ್ದರು. ಪಕ್ಕದ ಗಾಡಿಯವನಿಗೆ ನಾನು ನಕ್ಕು ತಲೆಯಾಡಿಸಿದೆ. ಅವನು ಗಾಬರಿಯಾಗಿ ತನ್ನ ಟೈರು ನೋಡಿಕೊಂಡ.

“ಪಂಕ್ಚರ್ ಆಗೈತಿ ಅಂತ ಹೇಳಾಕತ್ತೀ ಅನ್ಕೊಂಡಾನ” ಎಂದು ಡೋಲ್ಮಾ ನಕ್ಕಳು. “ಇಲ್ಲೆ ಗುರ್ತಿಲ್ಲದವರನ್ನ ನೋಡಿ ಸುಮ್ನ ಯಾರೂ ನಗೂದಿಲ್ಲಕ್ಕಾ.”

ಒಬ್ಬ ಪ್ರವಾಸಿ ನಮಗಿಂತ ಮೊದಲೇ ಬಂದು ವಯರು ಚುಚ್ಚಿ, ನಾವು ಹೊರಟರೂ ಅಲ್ಲೇ ಕೂತಿದ್ದ. ಅವನ ಬ್ಯಾಟರಿ ತಣ್ಣಗಿತ್ತು. ತಣ್ಣಗಿನ ಬ್ಯಾಟರಿ ಕರೆಂಟನ್ನು ಗುಟುಕು ಗುಟುಕಾಗಿ ಕುಡಿಯುತ್ತದೆ. ಡೋಲ್ಮಾ ದಾರಿಯಲ್ಲೇ ಪರದೆಗೆ ಚಾರ್ಜಿಂಗ್ ಜಾಗದ ಹೆಸರು ಕೊಟ್ಟಿದ್ದಳು. ಎಲ್ಲಿಗೆ ಹೋಗುತ್ತಿದ್ದೇವೆಂದು ತಿಳಿದರೆ ಗಾಡಿ ತನ್ನ ಬ್ಯಾಟರಿಯನ್ನು ಮೊದಲೇ ಕಾಯಿಸಿಟ್ಟುಕೊಳ್ಳುತ್ತದೆ. ನಾವು ತಂದಿದ್ದ ಚಪಾತಿ, ಶೇಂಗಾ ಚಟ್ನಿ ಮುಗಿಸುವುದರೊಳಗೆ ಅದರ ಹೊಟ್ಟೆಯೂ ತುಂಬಿತ್ತು.

ಗೇಟಿನ ಮುಂದೆ

ಪ್ರಸ್ಥಭೂಮಿಯ ಅಂಚಿನಲ್ಲಿ ರೈಲ್ವೆ ಗೇಟಿನಂಥ ಒಂದು ಅಡ್ಡಗಂಬ. ಗಾಳಿ ಜೋರಾದರೆ ಮೇಲೆ ರಸ್ತೆ ಕಾಣುವುದಿಲ್ಲ. ಆಗ ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ. ಗಾಡಿಗಳನ್ನು ಸಾಲುಗಟ್ಟಿಸಿ, ಮುಂದೆ ಹಿಮ ತಳ್ಳುವ ದೊಡ್ಡ ಲಾರಿಯೊಂದನ್ನು ಬಿಟ್ಟು, ಅದರ ಬೆನ್ನಿಗೆ ಎಲ್ಲರನ್ನೂ ಕರೆದೊಯ್ಯುತ್ತಾರೆ. ಹೊಳೆಯುವ ಪಟ್ಟಿಗಳ ಜಾಕೀಟು ತೊಟ್ಟ ಯುವತಿಯೊಬ್ಬಳು ಪ್ರತಿ ಗಾಡಿಯ ಹತ್ತಿರ ಬಂದು ಬೆಚ್ಚನೆಯ ಬಟ್ಟೆ ಇದೆಯೇ, ತಿನ್ನಲು ಇದೆಯೇ, ಚಾರ್ಜು ಸಾಕಷ್ಟಿದೆಯೇ ಎಂದು ನೋಡಿ ಹೋಗುತ್ತಿದ್ದಳು.

ಕಾಯುವ ಹೊತ್ತಿನಲ್ಲಿ ಡೋಲ್ಮಾ ಹೆಡ್‌ಲೈಟ್ ಒರೆಸಲು ಕೆಳಗಿಳಿದಳು. ಹಳೆಯ ಗಾಡಿಗಳ ದೀಪ ಬಿಸಿಯಾಗಿ ಹಿಮವನ್ನು ತಾನೇ ಕರಗಿಸುತ್ತಿತ್ತಂತೆ. ಈ ಹೊಸ ಎಲ್‌ಇಡಿ ದೀಪಗಳು ಬೆಳಕು ಕೊಡುತ್ತವೆ, ಬಿಸಿ ಕೊಡುವುದಿಲ್ಲ; ಹಿಮ ಮೆತ್ತಿಕೊಂಡು ಗಾಡಿ ಕುರುಡಾಗುತ್ತದೆ. ಒಂದು ದೀಪ ಒರೆಸಿದಳು. ಇನ್ನೊಂದರ ಕಡೆ ಹೆಜ್ಜೆಯಿಟ್ಟವಳು ಗಾಜಿನ ಮುಂದಿನಿಂದ ತಟ್ಟನೆ ಮಾಯವಾದಳು.

ನಾನು ಓಡಿಹೋಗಿ ಎಬ್ಬಿಸುವಾಗ ಅವಳ ಬಲಗೈ ಮಣಿಕಟ್ಟು ಆಗಲೇ ಊದತೊಡಗಿತ್ತು. ಮುಖ ಬಿಳಚಿಕೊಂಡಿತ್ತು. ನರ್ಸ್ ತಾನೇ, ಎಡಗೈಯಿಂದ ಮುಟ್ಟಿ ನೋಡಿಕೊಂಡು, “ಎಲುವು ಸೀಳು ಬಿಟ್ಟಂಗ ಐತಿ” ಎಂದಳು.

ಅಮಾಲಾ ಗಾಡಿಯೊಳಗಿಂದಲೇ ತಮ್ಮ ಶಾಲು ಚಾಚಿದರು. ಅದರಲ್ಲಿ ಅವಳ ಕೈಯನ್ನು ಕೊರಳಿಗೆ ಕಟ್ಟಿದೆ. ಜಾಕೀಟಿನ ಯುವತಿ ಓಡಿ ಬಂದಳು. ಆಸ್ಪತ್ರೆ ಇರುವುದು ಗುಡ್ಡದಾಚೆ. ಹಿಂದಿರುಗಿದರೆ ಬಂದ ದಾರಿಯೂ ಅಷ್ಟೇ ಹಿಮ, ಮುಂದೆ ಹಿಮ ತಳ್ಳುವ ಲಾರಿಯೂ ಇಲ್ಲ. ಯಾವ ಕಡೆ ಹೋದರೂ ಓಡಿಸಬೇಕಾದವಳು ನಾನೇ.

“ಹಿಮದಲ್ಲಿ ಓಡಿಸಿದ್ದೀರಾ?” ಯುವತಿ ಇಂಗ್ಲಿಷಿನಲ್ಲಿ ಕೇಳಿದಳು.

“ಇಪ್ಪತ್ತು ವರ್ಷದಿಂದ ಗಾಡಿ ಕಲಿಸುತ್ತಿದ್ದೇನೆ” ಎಂದೆ.

“ಹಿಮದಲ್ಲಿ?”

“ಒಂದು ಭಾನುವಾರ.”

ಅವಳು ನಗಲಿಲ್ಲ. ನಮ್ಮ ಗಾಡಿಯನ್ನು ಸಾಲಿನಿಂದ ಹೊರಗೆ ತೆಗೆಸಿ, ಎಲ್ಲರಿಗಿಂತ ಮುಂದೆ, ಲಾರಿಯ ಬೆನ್ನಿಗೇ ನಿಲ್ಲಿಸಿದಳು. ಆ ಕೆಂಪು ದೀಪಗಳನ್ನು ಬಿಡಬೇಡಿ, ನಿಂತರೆ ಗಾಡಿಯಿಂದ ಇಳಿಯಬೇಡಿ ಎಂದಷ್ಟೇ ಹೇಳಿದಳು.

“ಹೆದ್ರಿಕಿ ಆಗೈತೇನಕ್ಕಾ?” ಎಂದಳು ಡೋಲ್ಮಾ.

“ನನಗ್ಯಾಕ ಹೆದ್ರಿಕಿ? ನೀ ಮಗ್ಗಲ್ದಾಗ ಕುಂತೀಯಲ್ಲ, ಮಾಸ್ತರಿಣಿ” ಎಂದೆ. ಧೈರ್ಯ ಹೇಳಲು ಆಡಿದ ಮಾತಲ್ಲ. ನನ್ನ ಕೈಯಲ್ಲಿ ಕಲಿತವಳು ಚೆನ್ನಾಗಿಯೇ ಕಲಿಸುತ್ತಾಳೆಂದು ನನಗೆ ಗೊತ್ತಿತ್ತು.

ಪ್ರಸ್ಥಭೂಮಿ

ಸೂಪಾ ಅಣೆಕಟ್ಟಿನ ಕಡೆ ಬೆಳಗಿನ ಜಾವದ ಮಂಜಿನಲ್ಲಿ ಗಾಡಿ ಓಡಿಸಿದ್ದೇನೆ. ಮಂಜಿನಲ್ಲಿ ಏನಿಲ್ಲವೆಂದರೂ ಮರದ ನೆರಳಾದರೂ ಕಾಣುತ್ತದೆ. ಇಲ್ಲಿ ಮರವೇ ಇಲ್ಲ. ನೆಲ ಬಿಳಿ, ಆಕಾಶ ಬಿಳಿ, ನಡುವಿನ ಗಾಳಿಯೂ ಬಿಳಿ. ಹಿಮ ಮೇಲಿನಿಂದ ಬೀಳುತ್ತಿರಲಿಲ್ಲ, ಬಲಗಡೆಯಿಂದ ಅಡ್ಡಡ್ಡ ಓಡುತ್ತಿತ್ತು. ಗಾಡಿ ನಿಂತಿದೆಯೋ ಚಲಿಸುತ್ತಿದೆಯೋ ಎಂಬುದೇ ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ರಸ್ತೆಯಂಚಿನಲ್ಲಿ ನೆಟ್ಟ ಉದ್ದನೆಯ ಕೋಲುಗಳು ಒಂದೊಂದಾಗಿ ಬಂದು ಹೋಗುತ್ತಿದ್ದುದರಿಂದ ಮಾತ್ರ ಗೊತ್ತಾಗಬೇಕು.

ಭಾರವಾದ ಗಾಡಿಯ ಬೆಲೆ ನನಗೆ ತಿಳಿದದ್ದು ಅಲ್ಲಿ. ಬ್ಯಾಟರಿ ನೆಲಕ್ಕೆ ಹತ್ತಿರ ಹರಡಿಕೊಂಡು ಕೂತಿರುವುದರಿಂದ ಗಾಳಿ ಎಷ್ಟೇ ತಳ್ಳಿದರೂ ಗಾಡಿ ಕದಲಲಿಲ್ಲ. ಗೇರು ಬದಲಿಸುವ ಗೊಡವೆಯಿಲ್ಲ, ಏರಿನಲ್ಲಿ ಎಂಜಿನ್ ಆಫಾಗುವ ಅಂಜಿಕೆಯಿಲ್ಲ. ಕಾಲನ್ನು ಮೊಟ್ಟೆಯ ಮೇಲೆ ಇಟ್ಟಂತೆ ಇಟ್ಟುಕೊಂಡು ಆ ಕೆಂಪು ದೀಪಗಳ ಹಿಂದೆ ಹೋದೆ. ಮನಸ್ಸು ನಿಧಾನಕ್ಕೆ ಹದಕ್ಕೆ ಬಂತು.

ಪ್ರಸ್ಥಭೂಮಿಯ ನಟ್ಟನಡುವೆ ಕೆಂಪು ದೀಪಗಳು ನಿಂತುಬಿಟ್ಟವು.

ಮುಂದೆ ಗಾಳಿ ದೊಡ್ಡ ಹಿಮದ ದಿಬ್ಬವನ್ನೇ ರಸ್ತೆಗೆ ತಂದು ಹಾಕಿತ್ತು. ಅದನ್ನು ಒಡೆಯಲು ಆಚೆಯ ಕಡೆಯಿಂದ ಬೇರೆ ಯಂತ್ರ ಬರಬೇಕು. ಎಷ್ಟು ಹೊತ್ತಾಗುತ್ತದೋ ಯಾರಿಗೂ ಗೊತ್ತಿಲ್ಲ. ನನಗೆ ಮೊದಲು ಹೊಳೆದದ್ದು ಬ್ಯಾಟರಿ. ಡೀಸೆಲ್ ಗಾಡಿಯಾದರೆ ಕ್ಯಾನಿನಲ್ಲಿ ತಂದಾದರೂ ಹಾಕಬಹುದು. ಕರೆಂಟನ್ನು ಯಾರು ಹೊತ್ತು ತಂದಾರು?

ಡೋಲ್ಮಾ ಎಡಗೈಯಿಂದ ದೊಡ್ಡ ಹೀಟರನ್ನು ಸಣ್ಣ ಮಾಡಿದಳು. ಸೀಟಿನ ಬಿಸಿ ಮಾತ್ರ ಇರಿಸಿ ಕಂಬಳಿ ಹೊದೆಯಲು ಹೇಳಿದಳು. “ನಿಂತಾಗ ಇದು ಏನೂ ತಿನ್ನೂದಿಲ್ಲಕ್ಕಾ. ಬೆಳತನಕ ಕುಂದ್ರಬಹುದು. ನಂಬು.”

ನಾನು ನಂಬದೆ ಪರದೆಯ ಅಂಕಿಯನ್ನೇ ನೋಡುತ್ತ ಕೂತೆ. ಬಹಳ ಹೊತ್ತಾದ ಮೇಲೆ ಅದು ಒಂದು ಇಳಿಯಿತು. ಅಷ್ಟೇ.

ಯಾರೋ ಕಿಟಕಿ ತಟ್ಟಿದರು. ರಸ್ತೆ ಸಿಬ್ಬಂದಿಯೊಬ್ಬ ಒಬ್ಬ ಹಿರಿಯ ಹೆಂಗಸಿನ ತೋಳು ಹಿಡಿದು ನಿಂತಿದ್ದ. ಆಕೆಯದು ನಮ್ಮ ಹಿಂದಿನ ಪುಟ್ಟ ಗಾಡಿ. ಅದೂ ಕರೆಂಟಿನದೇ, ಆದರೆ ಹಳೆಯದು. ಹೀಟರ್ ಹಾಕಿಕೊಂಡು ಕೂತರೆ ಆಚೆ ದಡ ಮುಟ್ಟುವಷ್ಟು ಉಳಿಯಲಿಕ್ಕಿಲ್ಲ. ಸಾಲು ಹೊರಡುವ ತನಕ ನಿಮ್ಮ ಬಳಿ ಕೂರಿಸಿಕೊಳ್ಳುವಿರಾ ಎಂದು ಕೇಳಿದ. ಬಾಗಿಲು ತೆರೆದೆವು. ಆಕೆ ಅಮಾಲಾ ಪಕ್ಕ ಕೂತು, ಹೆಸರು ಕಾರಿ ಎಂದಳು. ಕಾರಿನಲ್ಲಿ ಕಾರಿ! ನಾನೂ ಡೋಲ್ಮಾಳೂ ನಗು ತಡೆದುಕೊಂಡೆವು.

ಕಾರಿ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದು, ಎಲ್ಲರಿಗೂ ತೊಳೆ ಹಂಚಿದಳು. ಅಮಾಲಾ ಕಿತ್ತಳೆಯನ್ನು ನೋಡಲಿಲ್ಲ. ಅವರ ಕಣ್ಣು ಆಕೆಯ ಸ್ವೆಟರಿನ ಮೇಲಿತ್ತು. ತೋಳಿನ ಅಂಚನ್ನು ಮೆಲ್ಲಗೆ ಮಗುಚಿ ಒಳಮೈ ನೋಡಿದರು.

“ಕೈಲೆ ಹೆಣದಿದ್ದು” ಎಂದರು ನನಗೆ. “ಮಶೀನಂದಲ್ಲ. ಒಳಗ ಎಳಿ ನೋಡು, ಹೊರಗಿನಷ್ಟ ಚಂದ ಐತಿ. ಕೇಳು, ಆಕೀನ ಹೆಣದಾಳೇನು?”

ಡೋಲ್ಮಾ ನಾರ್ವೆಯ ಭಾಷೆಯಲ್ಲಿ ಕೇಳಿದಳು. ತನ್ನ ತಾಯಿ ಹೆಣೆದದ್ದು, ತಾಯಿ ಹೋಗಿ ಬಹಳ ಕಾಲವಾಯಿತು ಎಂದಳು ಕಾರಿ. ಡೋಲ್ಮಾ ಅದನ್ನು ಕನ್ನಡದಲ್ಲಿ ಹೇಳಿದಳು.

ಅಮಾಲಾ ತೋಳಿನ ಅಂಚನ್ನು ಬಿಡದೆ ಹಿಡಿದುಕೊಂಡೇ ಇದ್ದರು. ಹೊರಗೆ ಗಾಳಿ ಹೊಡೆಯುತ್ತಿತ್ತು. ಆಮೇಲೆ, ಯಾರೂ ಕೇಳದೆ, ಹೇಳತೊಡಗಿದರು.

“ನಮ್ಮವ್ವ ಇಂಥಾದ್ರಾಗ ಉಳದ್ಲು. ನಾವು ಟಿಬೆಟ್ ಬಿಟ್ಟು ಈ ಕಡೆ ಬರೂಮುಂದ. ನಾ ಅಪ್ಪನ ಬೆನ್ನಮ್ಯಾಲೆ ಇದ್ನಿ, ಸಣ್ಣಾಕಿ. ಅವ್ವನ ಬೂಟ್ ಹರದಿತ್ತು. ಕಾಲ ನಡೀಲಿಲ್ಲ. ಬರ್ಫದಾಗ ಕುಂತ್ಲು. ನೀವು ನಡೀರಿ, ನಾ ಸ್ವಲ್ಪ ಕುಂತು ಬರ್ತೇನಿ ಅಂದ್ಲು.”

ಡೋಲ್ಮಾ ಹಿಂದಕ್ಕೆ ತಿರುಗಿದ್ದಳು. ಅವಳ ಮುಖ ನೋಡಿ ತಿಳಿಯಿತು, ಅವಳೂ ಇದನ್ನು ಕೇಳುತ್ತಿರುವುದು ಇದೇ ಮೊದಲು. ಅಜ್ಜಿ ದಾರಿಯಲ್ಲಿ ಕಾಯಿಲೆಯಾಗಿ ಹೋದಳೆಂದಷ್ಟೇ ಅವಳಿಗೆ ಗೊತ್ತಿದ್ದದ್ದು.

“ಅಪ್ಪ ಎಬ್ಬಸಾಕ ನೋಡಿದ. ಬೆನ್ನಮ್ಯಾಲೆ ನಾ ಇದ್ನಲ್ಲ, ಇಬ್ಬರನ್ನ ಹೆಂಗ ಹೊರ್ತಾನ? ನಾ ಹಿಂದ ತಿರುಗಿ ನೋಡಿದ್ನಿ. ಕುಂತಿದ್ಲು. ಕೈ ಮಾಡಿದ್ಲು, ಹೋಗ್ರಿ ಅಂತ. ಆಮ್ಯಾಲೆ ಬರೇ ಬಿಳಿ.” ಸ್ವೆಟರಿನ ಅಂಚನ್ನು ಬೆರಳಲ್ಲಿ ಸವರಿ, “ಆಕೀಗೆ ಥಂಡಿ ಹತ್ತಿತ್ತೋ, ನೋವಾತೋ, ಅದ ಒಂದ ನನಗ ಗೊತ್ತಾಗ್ಲಿಲ್ಲ” ಎಂದರು.

ಕಾರಿಗೆ ಕನ್ನಡ ಒಂದಕ್ಷರ ತಿಳಿಯದು. ಆದರೂ ಆಕೆ ತನ್ನ ತೋಳನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ಕಿತ್ತಳೆಯ ಕೊನೆಯ ತೊಳೆಯನ್ನು ಅಮಾಲಾ ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

ಇಳಕಲು

ಯಂತ್ರ ಬಂತು, ದಿಬ್ಬ ಒಡೆಯಿತು. ಕಾರಿ ತನ್ನ ಗಾಡಿಗೆ ಮರಳಿದಳು. ಪಶ್ಚಿಮದ ಗೇಟು ಮುಟ್ಟಿದಾಗ ಗಾಳಿ ನಿಂತಿತ್ತು. ಸಾಲು ಅಲ್ಲಿಗೆ ಚೆದುರಿತು. ಹಿಮ ತಳ್ಳುವ ಲಾರಿ ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟಿತು. ಕಾರಿ ದಾಟಿ ಹೋಗುತ್ತ ಕೈ ಬೀಸಿದಳು. ಕಷ್ಟದ ದಾರಿ ಮುಗಿಯಿತೆಂದು ನಾನೂ ನಿರಾಳವಾಗಿ ಉಸಿರು ಬಿಟ್ಟೆ.

ಇನ್ನು ಸಮುದ್ರದ ಮಟ್ಟದವರೆಗೆ ಬರೀ ಇಳಕಲು. ಬಂಡೆಯೊಳಗೆ ಸುತ್ತಿ ಸುತ್ತಿ ಇಳಿಯುವ ಸುರಂಗಗಳು, ನಡುನಡುವೆ ಬಯಲಿನ ತಿರುವುಗಳು. ಘಟ್ಟ ಇಳಿಯುವುದೆಂದರೆ ನನಗೆ ಮನೆಯ ಮೆಟ್ಟಿಲಿಳಿದಷ್ಟೇ. ಕಾಲೆತ್ತಿದರೆ ಹಿಡಿದೆಳೆಯುವ ಆ ಸೌಲಭ್ಯ ಇಲ್ಲಿ ಬೇಕಲ್ಲವೇ ಎಂದುಕೊಂಡು, ಡೋಲ್ಮಾ ನೋವಿಗೆ ಕಣ್ಣು ಮುಚ್ಚಿದ್ದಾಗ, ಪರದೆಯ ಮೇಲೆ ಅದನ್ನು ಮತ್ತೆ ಹೆಚ್ಚಿಗೆ ಮಾಡಿಕೊಂಡೆ. ಸುರಂಗದೊಳಗೆ ಒಣ ರಸ್ತೆ. ಗಾಡಿ ಹೂವಿನ ಹಾಗೆ ಇಳಿಯಿತು. ಬ್ಯಾಟರಿಯ ಅಂಕಿ ಇಳಿಯುವ ಬದಲು ಏರತೊಡಗಿತು. ಇಳಿಯುತ್ತ ತುಂಬಿಕೊಳ್ಳುವ ಗಾಡಿಯನ್ನು ನೋಡಿ ನನಗೆ ಎಲ್ಲಿಲ್ಲದ ಹುರುಪು.

ಸುರಂಗ ಮುಗಿದು ತಿರುವಿಗೆ ಬಂದೆವು. ಅಲ್ಲಿ ರಸ್ತೆಯ ಮೇಲೆ ಹಿಮವಿರಲಿಲ್ಲ. ಕರಗಿ ಮತ್ತೆ ಹೆಪ್ಪುಗಟ್ಟಿದ, ಗಾಜಿನಂಥ ಮಂಜುಗಡ್ಡೆ ಇತ್ತು. ವೇಗ ತಗ್ಗಿಸಲೆಂದು ಫಟ್ಟನೆ ಕಾಲೆತ್ತಿದೆ.

ಗಾಡಿಯ ಹಿಂಬದಿ ಮುಂಬದಿಗಿಂತ ಮೊದಲು ಹೋಗಲು ಹೊರಟಿತು. ಗಾಜಿನ ಮುಂದೆ ರಸ್ತೆ ಇರಬೇಕಾದಲ್ಲಿ ಬಂಡೆ ಬಂತು. ಇಪ್ಪತ್ತು ವರ್ಷ ಪಕ್ಕದ ಸೀಟಿನಲ್ಲಿ ಬ್ರೇಕ್ ಒತ್ತಿದ ಕಾಲು ತಾನಾಗಿಯೇ ಬ್ರೇಕಿನ ಕಡೆ ಹಾರಿತು.

“ಬ್ರೇಕ್ ಮುಟ್ಟಬ್ಯಾಡಕ್ಕಾ!” ಡೋಲ್ಮಾ ಚೀರಿದಳು. “ಎಕ್ಸಲರೇಟರ್‌ಗೆ ಸ್ವಲ್ಪ ಕಾಲ ಕೊಡು! ದಾರೀ ನೋಡು, ಬಂಡೆಗಲ್ಲು ನೋಡಬ್ಯಾಡ!”

ಜಾರುವ ಗಾಡಿಗೆ ಇನ್ನಷ್ಟು ಕಾಲು ಕೊಡುವುದೆಂದರೆ ನಾನು ಕಲಿಸಿದ ಪ್ರತಿಯೊಂದಕ್ಕೂ ವಿರುದ್ಧ. ಆದರೆ ಆ ದನಿ ಹೇಳಿತು, ನಾನು ಮಾಡಿದೆ. ಪೆಡಲನ್ನು ಕೂದಲೆಳೆಯಷ್ಟು ಒತ್ತಿದೆ, ಕಣ್ಣನ್ನು ಬಂಡೆಯಿಂದ ಕಿತ್ತು ತಿರುವಿನ ಆಚೆಗಿಟ್ಟೆ. ಕೈಗಳು ಕಣ್ಣಿನ ಹಿಂದೆ ಹೋದವು. ಹಿಂಬದಿ ಒಮ್ಮೆ ಆಚೆ, ಒಮ್ಮೆ ಈಚೆ ತೂಗಿತು. ಟೈರಿನ ಮೊಳೆಗಳು ಎಲ್ಲೋ ಕಚ್ಚಿದವು. ಗಾಡಿ ನೆಟ್ಟಗಾಯಿತು.

ಮುಂದಿನ ಅಗಲ ಜಾಗದಲ್ಲಿ ನಿಲ್ಲಿಸಿದೆ. ಡೋಲ್ಮಾ ಪರದೆ ನೋಡಿದಳು. ನಾನು ಮಾಡಿದ್ದು ಕಂಡಿತು. ಎಡಗೈ ಚಾಚಿ ಅದನ್ನು ಮತ್ತೆ ಕಡಿಮೆ ಮಾಡಿದಳು.

“ಬೈಯವಾ” ಎಂದೆ.

“ನೀ ನನಗೆಷ್ಟ ಬೈದೀ ಗೊತ್ತೈತೇನು? ಅಷ್ಟೂ ಈಗ ಬೈಯಾಕ ಕುಂತ್ರ ದವಾಖಾನಿ ಬಾಗಲಾ ಹಾಕ್ತಾರ. ನಡಿ.”

ಹಿಂದಿನಿಂದ ಅಮಾಲಾ, “ಆತೇನು? ಕಣ್ಣ ತಗೀಲ್ಯಾ?” ಎಂದು ಕೇಳಿದರು.

ನಾವಿಬ್ಬರೂ ಗಾಜು ಮಬ್ಬಾಗುವಷ್ಟು ನಕ್ಕೆವು. ಆಮೇಲೆ ಗುಡ್ಡಗಳ ನಡುವೆ ಒಳನುಗ್ಗಿದ ಕಡಲಿನ, ಫಿಯೋರ್ಡಿನ, ಕಪ್ಪು ನೀರು ಕಾಣುವವರೆಗೆ ನಾನು ಒಂದು ತಪ್ಪೂ ಮಾಡಲಿಲ್ಲ. ಇದು ಮಾತ್ರ ಜಂಬವೇ.

ಮತ್ತೆ ಮೇಲಕ್ಕೆ

ಮಣಿಕಟ್ಟಿನ ಮೂಳೆಯಲ್ಲಿ ನಿಜಕ್ಕೂ ಸೀಳಿತ್ತು. ಪ್ಲಾಸ್ಟರ್ ಹಾಕಿಸಿಕೊಂಡ ಡೋಲ್ಮಾ ರಜೆಯ ಮೇಲೆ ಮನೆಯಲ್ಲಿ ಕೂತಳು. ನಾನು ಅವಳ ಡ್ರೈವರ್ ಆದೆ. ಕಿರಾಣಿಗೆ, ಆಸ್ಪತ್ರೆಗೆ, ಹಡಗುಕಟ್ಟೆಗೆ ದಿನವೂ ಗಾಡಿ ತೆಗೆದೆ. ಹಿಡಿಕೆ ಗುದ್ದುವುದು, ಹೊರಡುವ ಮೊದಲು ಗಾಡಿ ಕಾಯಿಸುವುದು, ದೀಪ ಒರೆಸುವುದು ಕೈಗೆ ಹತ್ತಿದವು. ವೈಪರ್ ಮಾತ್ರ ಕೊನೆಯವರೆಗೂ ಇಂಡಿಕೇಟರಿನ ಜಾಗದಲ್ಲೇ ಉಳಿಯಿತು. ನನ್ನ ಮೊಬೈಲಿಗೆ ದಾಂಡೇಲಿಯಿಂದ ವಿಡಿಯೊ ಕಾಲ್ ಮಾಡಿದ ಗಂಡ ನಾನು ಹಿಮದಲ್ಲಿ ಹಿಂದಕ್ಕೆ ಹೊಡೆದು ಗಾಡಿ ನಿಲ್ಲಿಸುವುದನ್ನು ನೋ‌ಡಿ, “ಬರ್ತೀಯೋ, ಅಲ್ಲೇ ಕ್ಲಾಸ್ ಚಾಲೂ ಮಾಡ್ತೀಯೋ?” ಎಂದರು.

ನಾವು ಹೊರಡುವ ದಿನ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. ಚಹಾ ಕುಡಿಯುತ್ತ ಅಮಾಲಾ, “ಸುನೀ, ಮ್ಯಾಲೆ ಕರಕೊಂಡ ಹೋಗ್ತೀಯೇನ?” ಎಂದರು.

“ಎಲ್ಲಿಗೆ?”

“ಅಲ್ಲೇ. ಆ ಬೋಳ ಜಾಗಕ್ಕ.”

ಡೋಲ್ಮಾ ನನ್ನ ಮುಖ ನೋಡಿದಳು. ಮೂವರೂ ಹೊರಟೆವು. ಅಂದು ಗೇಟು ತೆರೆದಿತ್ತು, ಸಾಲಿನ ಅಗತ್ಯವಿರಲಿಲ್ಲ. ಗಾಳಿಯಿಲ್ಲದ ಪ್ರಸ್ಥಭೂಮಿ ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹರಡಿಕೊಂಡಿತ್ತು. ರಸ್ತೆ ಅಗಲವಾದಲ್ಲಿ ನಿಲ್ಲಿಸಿದೆ.

ಅಮಾಲಾ ಬಾಗಿಲು ತೆರೆದು ಕೆಳಗೆ ನೋಡಿದರು. ಉಪ್ಪು ಚೆಲ್ಲಿದ ನೆಲ ಹುಡುಕಲಿಲ್ಲ. ಒಂದು ಕಾಲಿಟ್ಟರು, ಇನ್ನೊಂದಿಟ್ಟರು. ಹಿಮ ಪಾದ ಮುಚ್ಚಿತು. ಹಿಡಿಯಲು ಹೋದ ನನ್ನ ಕೈ ಸರಿಸಿ ರಸ್ತೆ ಬಿಟ್ಟು ಬಯಲಿನ ಕಡೆ ನಡೆದರು. ನಾವು ಹಿಂದೆ ಹೋದೆವು, ಸ್ವಲ್ಪ ಅಂತರ ಬಿಟ್ಟು.

ಸಾಕಷ್ಟು ದೂರ ನಡೆದು ನಿಂತರು. ಆಮೇಲೆ ಉದ್ದನೆಯ ಉಡುಪನ್ನು ಕೈಯಲ್ಲಿ ಒಟ್ಟುಗೂಡಿಸಿಕೊಂಡು ಹಿಮದಲ್ಲಿ ಕೂತುಬಿಟ್ಟರು.

ಡೋಲ್ಮಾ “ಅಮಾಲಾ!” ಎಂದು ಓಡಿದಳು. ಅವರು ತಿರುಗದೆ ಕೈ ಎತ್ತಿ ತಡೆದರು. ನಿಂತೆವು. ಅವರು ಹಾಗೆಯೇ ಕೂತಿದ್ದರು, ಅಂಗೈಯನ್ನು ಹಿಮದ ಮೇಲೆ ಒತ್ತಿ, ಮುಂದೆ ನೋಡುತ್ತ. ಅಳುತ್ತಿರಲಿಲ್ಲ. ಎಷ್ಟು ಹೊತ್ತೆಂದು ಹೇಳಲಾರೆ. ರಸ್ತೆಯಲ್ಲಿ ಗಾಡಿಗಳು ಸದ್ದಿಲ್ಲದೆ ಹೋದವು.

“ಮೆತ್ತಗ ಐತಿ” ಎಂದರು ಕೊನೆಗೆ. “ಕುಂತ್ರ ಗಾಳಿ ಹತ್ತೂದಿಲ್ಲ. ನಿಂತಾಗಿನಕಿಂತ ಥಂಡಿ ಕಡಿಮಿ ಐತಿ.”

ಅಂಗೈಯಿಂದ ಹಿಮವನ್ನು ಒಮ್ಮೆ ಸವರಿ, ನಮಗಲ್ಲ, ತಮಗೇ ಹೇಳಿಕೊಂಡಂತೆ, “ನಿದ್ದಿ ಬಂದಿರತೈತಿ ಅವ್ವಗ” ಎಂದರು.

ಆಮೇಲೆ ನಮ್ಮ ಕಡೆ ತಿರುಗಿ ಎರಡೂ ಕೈ ಚಾಚಿದರು.

“ಎಬ್ಬಸ್ರಿ ನನ್ನ.”

ಒಂದು ಕೈ ನಾನು ಹಿಡಿದೆ. ಇನ್ನೊಂದನ್ನು ಡೋಲ್ಮಾ ತನ್ನ ಎಡಗೈಯಲ್ಲಿ ಹಿಡಿದಳು. ಇಬ್ಬರೂ ಸೇರಿ ಎಬ್ಬಿಸಿದೆವು.